ಅಕ್ಕನ ಪಾಲಿನ ಮಾತ್ರೆ

ನಮ್ಮಕ್ಕನನ್ನು ಬೀದಿಯವರೆಲ್ಲ ಕಡ್ಡಿ ಅಕ್ಕ ಅನ್ನುತ್ತಾರೆ. ನನಗಿಟ್ಟ ಹೆಸರು ಸಿಡಿಗುಂಡು. ಗುಂಡು ಅನ್ನುವುದು ನನ್ನ ಹೊಟ್ಟೆಗೆ, ಸಿಡಿ ಅನ್ನುವುದು ನನ್ನ ಬಾಯಿಗೆ. ಟೈರು ಬಿಚ್ಚುವ ಕೆಲಸ ನನ್ನದು. ತುಕ್ಕು ಹಿಡಿದ ಬೋಲ್ಟಿನ ಜೊತೆ ದಿನವಿಡೀ ಗುದ್ದಾಡುವವನ ನಾಲಿಗೆ ಹೇಗೆ ಮೆತ್ತಗಿದ್ದೀತು?

ನನಗೆ ಮೀಸೆ ಮೂಡುವ ಮೊದಲೇ ಅಪ್ಪ ಹೋದ. ಗೋಡೆಗೆ ಬಣ್ಣ ಬಳಿಯುತ್ತಿದ್ದವನು ಎದೆ ಹಿಡಿದುಕೊಂಡು ಏಣಿಯ ಬುಡದಲ್ಲಿ ಕೂತ, ಮತ್ತೆ ಏಳಲಿಲ್ಲ. ಅಕ್ಕ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತಳು. ಈಗಲೂ ಮುಂದಿನ ಕೋಣೆಯ ಕಿಟಕಿ ಪಕ್ಕ ಕೂತು, ಅಂಗಡಿಯವರು ಕಳಿಸುವ ಪ್ಯಾಂಟುಗಳ ಅಂಚು ಮಡಿಸುತ್ತಾಳೆ. ನಾನು ಉಂಡೆದ್ದ ಮೇಲೆಯೇ ಅವಳ ಊಟ. ಏನು ತಂದರೂ ಮೊದಲು ನನ್ನ ತಟ್ಟೆಗೆ. ನನ್ನ ಹೆಂಡತಿ ಬಂದ ಮೇಲೂ ಆ ರೂಢಿ ಬದಲಾಗಲಿಲ್ಲ.

ಈ ವರ್ಷ ಆ ಅಂಗಡಿಯವರು ಕೆಲಸದವರಿಗೂ ಮನೆಯವರಿಗೂ ರಕ್ತ ಪರೀಕ್ಷೆ ಮಾಡಿಸಿದರು. ಇಬ್ಬರೂ ಹೋಗಿ ಕೈ ಚಾಚಿ ಬಂದೆವು. ನನ್ನ ಕೊಲೆಸ್ಟ್ರಾಲ್ ಸರಿಯಾಗಿತ್ತು. ಅಕ್ಕನದು ಮಾತ್ರ ಎಲ್ಲೆ ಮೀರಿ ಏರಿತ್ತು. ಡಾಕ್ಟರಮ್ಮ ಅವಳಿಗೆ ಮಾತ್ರೆ ಬರೆದುಕೊಟ್ಟರು.

ಅಂದು ಊಟಕ್ಕೆ ಕೂತರೆ ನನ್ನ ತಟ್ಟೆಯ ಪಕ್ಕದಲ್ಲಿ ಒಂದು ಮಾತ್ರೆ. ಅಕ್ಕ ಇಟ್ಟಿದ್ದನ್ನು ಏನು ಎತ್ತ ಎಂದು ಕೇಳುವ ಅಭ್ಯಾಸವೇ ನನಗಿಲ್ಲ. ಬಾಯಿಗೆ ಹಾಕಿಕೊಂಡೆ.

"ಅಯ್ಯೋ, ಉಗೀರಿ! ಅದು ಅತ್ತಿಗೇದು!" ಎಂದು ಹೆಂಡತಿ ಕಿರುಚಿದಳು.

ಉಗಿದೆ. ಅಕ್ಕ ಸ್ವಲ್ಪವೂ ಅಳುಕಲಿಲ್ಲ. "ರಕ್ತ ಪರೀಕ್ಷೆ ಚೀಟಿ ಅದಲುಬದಲಾಗಿದೆ ಕಣೋ. ನಿನ್ನ ಹೊಟ್ಟೆ ನೋಡು, ನನ್ನ ಮೈ ನೋಡು. ಕೊಬ್ಬು ಯಾರಿಗಿರುತ್ತೆ? ಕುರುಡನೂ ಹೇಳ್ತಾನೆ. ಸುಮ್ನೆ ನುಂಗು."

ನನಗೂ ಹೌದೆನ್ನಿಸಿತು. ಹೌದೆನ್ನಿಸಿದ ಮೇಲೆ ನಾನು ಸುಮ್ಮನಿರುವವನೇ? ಬೆಳಗಾಗುತ್ತಲೇ ಅಕ್ಕನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಲ್ಯಾಬಿಗೆ ಹೋದೆ.

"ಹೆಸರು ಓದೋಕೆ ಬರಲ್ವಾ ನಿಮ್ಗೆ? ಜೀವದ ಜೊತೆ ಆಟ ಆಡ್ತೀರಾ?" ಎಂದು ಮೇಜು ಗುದ್ದಿದೆ.

ಅಲ್ಲಿದ್ದ ಹುಡುಗಿ ಹೆದರಲಿಲ್ಲ. "ಕೂತ್ಕೊಳಿ ಅಣ್ಣ, ಇಬ್ರ ರಕ್ತಾನೂ ಇನ್ನೊಂದ್ಸಲ ತೆಗೀತೀನಿ. ಅಕ್ಕನೇ ಕಣ್ಣಾರೆ ನೋಡ್ಲಿ" ಎಂದು, ಅವಳ ಎದುರಿಗೇ ಸೀಸೆಗಳಿಗೆ ಹೆಸರು ಅಂಟಿಸಿದಳು. ಫಲಿತಾಂಶ ಮತ್ತೆ ಅದೇ ಬಂತು.

ಹೊಸ ಚೀಟಿ ಹಿಡಿದು ಡಾಕ್ಟರಮ್ಮನ ಬಳಿ ಹೋದೆವು. "ನಿಮ್ಮಪ್ಪ ಹೇಗಿದ್ರು?" ಎಂದು ಕೇಳಿದರು.

"ನನ್ನ ಹಾಗೇ ಸಣ್ಣ" ಎಂದಳು ಅಕ್ಕ. ಏಣಿಯ ಬುಡದ ಕಥೆಯನ್ನೂ ಹೇಳಿದಳು.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಇದು ಬರೀ ಊಟದಿಂದ ಬರೋದಲ್ಲಮ್ಮ. ಲಿವರೇ ಇದನ್ನ ತಯಾರು ಮಾಡುತ್ತೆ. ಕೆಲವರ ಮೈಗೆ ಅದನ್ನ ರಕ್ತದಿಂದ ತೆಗೆದು ಹಾಕೋಕೆ ಬರಲ್ಲ, ವಂಶದಲ್ಲೇ ಹಾಗೆ. ರಕ್ತನಾಳದ ಒಳಗೆ ಸದ್ದಿಲ್ಲದೆ ಕಟ್ಕೊಳ್ತಾ ಹೋಗುತ್ತೆ. ಸಣ್ಣಗಿದ್ರೆ ಇರಲ್ಲ ಅಂತೇನಿಲ್ಲ. ಕರಿದಿದ್ದು ಕಡಿಮೆ ಮಾಡಿ, ಯಂತ್ರ ಬಿಟ್ಟೆದ್ದು ನಡೀರಿ. ಆದ್ರೆ ನಿಮಗೆ ಅಷ್ಟೇ ಸಾಲದು, ಮಾತ್ರೆ ಬೇಕೇ ಬೇಕು. ನನ್ನ ಕೇಳದೆ ಬಿಡಬೇಡಿ." ಆಮೇಲೆ ನನ್ನತ್ತ ತಿರುಗಿ, "ನೀವೇನೂ ಹಿಗ್ಗಬೇಡಿ, ಆ ಹೊಟ್ಟೆ ಇಳಿಸಿ" ಎಂದರು.

ಹೊರಗೆ ಬಂದು ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅಪ್ಪಂಗೆ ಇದನ್ನ ಹೇಳೋರೇ ಇರ್ಲಿಲ್ಲ ಅಲ್ವೇನೋ?"

ನಾನೂ ಅವಳ ಪಕ್ಕದಲ್ಲಿ ಕೂತೆ.

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಅಪ್ಪ ಆಸ್ತಿ ಏನೂ ಬಿಟ್ಟಿಲ್ಲ ಅಂತ ಗೊಣಗ್ತಿದ್ದೆಯಲ್ಲ. ನೋಡು, ನನ್ನ ಹೆಸರಿಗೆ ಬರೆದಿಟ್ಟು ಹೋಗಿದ್ದಾನೆ."

"ಅದನ್ನೂ ನನ್ನ ತಟ್ಟೆಗೇ ಬಡಿಸೋಕೆ ಬಂದಿದ್ದೆ ನೀನು. ಅಕ್ಕ, ನಿನ್ನ ಬಿಟ್ರೆ ನಂಗ್ಯಾರೇ ಇದ್ದಾರೆ?"

"ಹೆಂಡತಿ ಕೇಳಿಸ್ಕೊಂಡ್ರೆ ಅಟ್ಟಾಡಿಸಿ ಹೊಡೀತಾಳೆ, ಮೆತ್ತಗೆ ಹೇಳು."

ಮನೆಗೆ ಬಂದ ಮೇಲೆ ಮೊದಲು ಅವಳ ತಟ್ಟೆಯನ್ನು ನಾನೇ ಹಾಕಿದೆ. ಅವಳು ಊಟ ಮುಗಿಸಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಅಷ್ಟು ವರ್ಷದ ರೂಢಿಯಂತೆ ನನ್ನ ಮುಖ ನೋಡಿದಳು. ನಾನು ನೀರಿನ ಲೋಟವನ್ನು ಅವಳತ್ತ ಸರಿಸಿದೆ.

ನುಂಗಿದಳು.

"ಏನೋ ಹಾಗೆ ನೋಡ್ತೀಯ? ಅನ್ನ ಆರ್ತಿದೆ, ಉಣ್ಣು" ಎಂದಳು.