ಕೆಂಪು ಕಾಣದ ಅಡಾಪ್ಟರ್

ಕಳಸದ ಜೀಪ್ ಮೆಕ್ಯಾನಿಕ್ ಇದ್ರೀಸ್ ಸಾಬರ ಮಗ ಶಾದಾಬ್ 2003ರಲ್ಲಿ ನಮ್ಮ ಕಾಫಿ ಕಂಪನಿಯ ಚಿಕ್ಕಮಗಳೂರು ಆಫೀಸಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ. ನಾನಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಕಂಪನಿಗೆ ಮೂರು ಎಸ್ಟೇಟು, ಮೂರು ದವಾಖಾನೆ. ಆಳುಗಳ ಆರೋಗ್ಯದ ವಿವರ ಒಂದೊಂದು ಕಡೆ ಒಂದೊಂದು ಸಾಫ್ಟ್‌ವೇರಿನಲ್ಲಿ: ಅತ್ತಿಗುಂಡಿಯಲ್ಲಿ ಫಾಕ್ಸ್‌ಪ್ರೊದಲ್ಲಿತ್ತು, ಮೂಡಿಗೆರೆಯಲ್ಲಿ ಆಕ್ಸೆಸ್‌ನಲ್ಲಿ, ಕಳಸದಲ್ಲಿ ಎಕ್ಸೆಲ್‌ನಲ್ಲಿ. ಕೊಯ್ಲಿಗೆ ಆಳುಗಳನ್ನು ಎಸ್ಟೇಟಿನಿಂದ ಎಸ್ಟೇಟಿಗೆ ಸಾಗಿಸುವಾಗ ವಿವರ ಹಿಂದೆಯೇ ಉಳಿಯುತ್ತಿತ್ತು.

ಶಾದಾಬ್ ಮೂರಕ್ಕೂ ಅಡಾಪ್ಟರ್ ಎಂಬ ಒಂದೊಂದು ಪ್ರೋಗ್ರಾಂ ಬರೆದ. ನರ್ಸ್ ಹೆಸರು ಒತ್ತಿದರೆ ಸಾಕು, ವಿವರ ಎಲ್ಲಿದ್ದರೂ ಅಡಾಪ್ಟರ್ ಓದಿ ಒಂದೇ ನಮೂನೆಯಲ್ಲಿ ತೋರಿಸುತ್ತಿತ್ತು. 'ಆಗದ ಔಷಧ' ಎಂಬ ಜಾಗ ಖಾಲಿಯಿದ್ದರೆ 'ಇಲ್ಲ' ಎಂದು ಬರುತ್ತಿತ್ತು. ಪರದೆ ಚೊಕ್ಕಟವಾಗಿರಲಿ ಎಂದು ಮ್ಯಾನೇಜರರೇ ಹೇಳಿದ್ದು. ಆ ಚೊಕ್ಕಟಕ್ಕೆ ಬೆಂಕಿ ಬೀಳಲಿ.

ಮರುವರ್ಷ ಕಳಸದಿಂದ ಮೂಡಿಗೆರೆಗೆ ಕೊಯ್ಲಿಗೆ ಬಂದ ಹುಚ್ಚಮ್ಮನ ಕಾಲಿನ ಗಾಯ ಕೀವಾಯಿತು. ಯಾವ ಇಂಜೆಕ್ಷನ್ ಆಗುವುದಿಲ್ಲ ಎಂದು ನರ್ಸ್ ಸಾವಿತ್ರಮ್ಮ ಕೇಳಿದರು.

"ಹೆಸ್ರು ನೆಪ್ಪಿಲ್ಲ ಸಿಸ್ಟರಮ್ಮ. ಕಳಸದ ಕಾಂಪೌಂಡರ್ ಎಲ್ಲಾ ಗುರ್ತು ಮಾಡ್ಕೊಂಡವ್ರೆ, ಅದ್ರಲ್ಲೇ ನೋಡಿ."

ಸಾವಿತ್ರಮ್ಮ ನೋಡಿದರು. 'ಇಲ್ಲ' ಎಂದಿತ್ತು. ಪೆನಿಸಿಲಿನ್ ಕೊಟ್ಟರು. ಆಂಬುಲೆನ್ಸ್ ಬರುವಷ್ಟರಲ್ಲಿ ಹುಚ್ಚಮ್ಮನ ಉಸಿರು ನಿಂತಿತ್ತು.

ಮರುದಿನ ಶಾದಾಬ್ ನನ್ನನ್ನೂ ಕರೆದುಕೊಂಡು ಕಳಸಕ್ಕೆ ಹೋದ. ಕಾಂಪೌಂಡರ್ ಸಿದ್ದಬಸಪ್ಪ ಎಕ್ಸೆಲ್ ತೆರೆದರು. ಹುಚ್ಚಮ್ಮನ ಸಾಲಿಗೆ ಸಾಲೇ ಕೆಂಪು, 'ಆಗದ ಔಷಧ'ದ ಜಾಗದಲ್ಲಿ ಮಾತ್ರ ಅಕ್ಷರ ಒಂದೂ ಇಲ್ಲ. ಕಾಂಡಕೊರಕ ಹುಳು ಹತ್ತಿದ ಕಾಫಿ ಗಿಡಕ್ಕೆ ತೋಟದಲ್ಲಿ ಕೆಂಪು ಬಳಿಯುತ್ತಾರಲ್ಲ, ಪೆನಿಸಿಲಿನ್ ಆಗದವರಿಗೆಲ್ಲ ಅವರು ಹಾಗೇ ಗುರುತು ಹಾಕಿದ್ದರು.

"ಕೆಂಪು ಕಂಡ ಮೇಲೂ ಯಾರಾದ್ರೂ ಸೂಜಿ ಚುಚ್ತಾರಾ ಮಾರಾಯ?"

"ನಾನು ಬರೆದದ್ದು ಅಕ್ಷರ ಮಾತ್ರ ಓದ್ತದೆ ಸಾರ್. ಬಣ್ಣ ಅದಕ್ಕೆ ಕಾಣಲ್ಲ," ಎಂದ ಶಾದಾಬ್. ಸಿದ್ದಬಸಪ್ಪ ತಲೆ ಹಿಡಿದುಕೊಂಡು ಕೂತರು.

ಅವತ್ತೇ ಅವನು ಖಾಲಿ ಜಾಗಕ್ಕೆಲ್ಲ 'ಗೊತ್ತಿಲ್ಲ' ಎಂದು ಬರುವಂತೆ ಮಾಡಿದ. ಮ್ಯಾನೇಜರರು ಗೊಣಗಿದರು, ಶಾದಾಬ್ ಜಗ್ಗಲಿಲ್ಲ. ಅಲ್ಲಿಂದಾಚೆ ಅವನು ಆಫೀಸಿನಲ್ಲಿ ನಕ್ಕದ್ದು ನಾನು ಕಾಣೆ.

ಮುಂದಿನ ಕೊಯ್ಲಿಗೆ ಹುಚ್ಚಮ್ಮನ ಮಗಳು ದೇವೀರಮ್ಮ ಆಳಾಗಿ ಸೇರಿದಳು. ವಿವರ ಬರೆಸಲು ಆಫೀಸಿಗೆ ಬಂದವಳು ಶಾದಾಬ್‌ನ ಮೇಜಿನ ಮುಂದೆ ನಿಂತಳು.

"ಅವ್ವಂಗೆ ಆಗದ ಸೂಜಿ ನಂಗೂ ಆಗಲ್ಲ. ಬರೀರಿ."

ಅವನು 'ಪೆನಿಸಿಲಿನ್' ಎಂದು ಬರೆದು, ಪರದೆ ಅವಳತ್ತ ತಿರುಗಿಸಿ, ಬೆರಳಿಟ್ಟು ತೋರಿಸಿದ. ಅವಳಿಗೆ ಓದು ಬಾರದು. ಎಷ್ಟೋ ಹೊತ್ತು ನೋಡಿದಳು.

"ಕೆಂಪೂ ಹಚ್ಚಿ," ಎಂದಳು.

ಅವನು ಹಚ್ಚಿದ.