ದೀಪ ಹಚ್ಚಿದ ಮೇಲೆ ರೊಕ್ಕ ಇಲ್ಲ

ಸವಣೂರಿನ ಸಣ್ಣ ಬ್ಯಾಂಕಿನಲ್ಲಿ ಅಪ್ಪ ಖಜಾಂಚಿ. ಅಕ್ಕನ ಮದುವೆಗೆಂದು ಕೂಡಿಟ್ಟದ್ದೆಲ್ಲ ಅಲ್ಲಿಯೇ ಇತ್ತು. ಗಂಡು ಹಿರೇಕೆರೂರಿನವನು, ಆಷಾಢ ಕಳೆದರೆ ಮದುವೆ. ಊರಿನವರ ದನಿ ಅಣಕಿಸುವುದೇ ಆಗ ನನ್ನ ಉದ್ಯೋಗ. ಅಪರೂಪಕ್ಕೆ ಸ್ವಂತ ದನಿಯಲ್ಲಿ ಮಾತಾಡಿದರೆ ಅವ್ವ, "ಇದು ಯಾರದೋ?" ಎನ್ನುತ್ತಿದ್ದಳು.

ಆಷಾಢದ ಒಂದು ಶುಕ್ರವಾರ ಮೋಡ ಕವಿದು ಮೂರು ಗಂಟೆಗೇ ಕತ್ತಲಾಯಿತು. ಲೆಕ್ಕದ ಅಕ್ಷರ ಕಾಣದೆ ಅಪ್ಪ ಬ್ಯಾಂಕಿನಲ್ಲಿದ್ದ ಲಕ್ಷ್ಮಿಯ ಪಟದ ಮುಂದಿನ ದೀಪ ಹಚ್ಚಿದ. ಅಷ್ಟರಲ್ಲಿ ಶಿಗ್ಗಾಂವಿಯ ವೀಳ್ಯದೆಲೆ ವ್ಯಾಪಾರಿ ತನ್ನ ರೊಕ್ಕ ಕೇಳಿಕೊಂಡು ಬಂದ.

"ದೀಪ ಹಚ್ಚೇವ್ರಿ. ಇನ್ನ ಲಕ್ಷ್ಮೀನ ಹೊರಗ ಕಳಸಂಗಿಲ್ಲ. ನಾಳೆ ಬರ್ರಿ."

"ಹೊತ್ತು ಇನ್ನೂ ಮುಣಗಿಲ್ಲಲ್ರಿ, ಸಾಹೇಬ್ರ!"

"ಹಚ್ಚಿದ್ದು ಹಚ್ಚಿದ್ದ ಆತಲ್ರಿ."

ಅವನ ಅಂಗಡಿಯಲ್ಲೂ ಅದೇ ರೂಢಿ, ತಿರುಗಿ ಹೋದ. ಆದರೆ ಮಾತು ಶಿಗ್ಗಾಂವಿ ಮುಟ್ಟುವಷ್ಟರಲ್ಲಿ ಬ್ಯಾಂಕಿನಲ್ಲಿ ರೊಕ್ಕವೇ ಇಲ್ಲವೆಂದಾಗಿತ್ತು. ಮರುದಿನ ಹಾನಗಲ್ಲಿನಿಂದಲೂ ರೊಕ್ಕ ಹಿಂದಕ್ಕೆ ಕೇಳುವವರ ಚಕ್ಕಡಿ ಬಂದವು.

ಬ್ಯಾಂಕು ಮುಳುಗಿರಲಿಲ್ಲ. ಜನರ ರೊಕ್ಕ ಹತ್ತಿ ವ್ಯಾಪಾರಿಗಳಿಗೆ ಸಾಲವಾಗಿ ಹೋಗಿತ್ತು. ಒತ್ತೆ ಇಟ್ಟ ಹತ್ತಿ ಗೋದಾಮಿನಲ್ಲಿತ್ತು, ಮಳೆಗಾಲದಲ್ಲಿ ಕೊಳ್ಳುವವರಿರಲಿಲ್ಲ. ತಿಜೋರಿಯಲ್ಲಿದ್ದದ್ದು ಮಧ್ಯಾಹ್ನಕ್ಕೆ ಮುಗಿಯಿತು. ಬ್ಯಾಂಕುಗಳಿಗೇ ಸಾಲ ಕೊಡುವ ಮುಂಬಯಿಯ ದೊಡ್ಡ ಬ್ಯಾಂಕಿಗೆ ಮ್ಯಾನೇಜರರು ತಂತಿ ಕಳಿಸಿದರು. ಸರಕಾರಿ ಸಾಲಪತ್ರ ಒತ್ತೆ ಇಟ್ಟರೆ ಮಾತ್ರ ಎಂದು ಉತ್ತರ ಬಂತು. ನಮ್ಮಲ್ಲಿ ಹತ್ತಿ ಬಿಟ್ಟರೆ ಏನೂ ಇರಲಿಲ್ಲ. ಬಾಗಿಲು ಹಾಕಿದರು.

ಊಟಕ್ಕೆ ಕುಳಿತಾಗ ನಾನು ಮುಂಬಯಿ ಸಾಹೇಬನಾದೆ. "ಹತ್ತಿ? ನಮಗ್ಯಾಕಪಾ ಹತ್ತಿ, ಗಾದಿ ಹೊಲಿಸೂನೇನು?"

ಅಕ್ಕ ನಕ್ಕಳು. ಅವ್ವ ನಗಲಿಲ್ಲ. "ಕೀಲಿ ನಿಮ್ಮ ಕೈಯಾಗ ಇತ್ತಲ್ರಿ. ಮುಂಜಾನೆ ಈಕಿ ಲಗ್ನದ ರೊಕ್ಕ ತಗೀಬೇಕಿತ್ತು."

"ಅಷ್ಟು ಮಂದಿ ಬಾಗಲದಾಗ ನಿಂತಿದ್ರು. ಹೆಂಗ ತಗೀಲಿ?" ಎಂದು ಅಪ್ಪ ರೊಟ್ಟಿ ಮುರಿದ.

ವಾರದೊಳಗೆ ಗಂಡಿನ ಕಾಕಾ ಬಂದ.

"ಹತ್ತಿ ಮಾರಿದ ಮ್ಯಾಲ ಲಗ್ನ ಮಾಡಿಕೊಡ್ತೇನ್ರಿ," ಅಂದ ಅಪ್ಪ.

"ಅದು ಯಾವಾಗ ಮಾರತೈತ್ರಿ?"

"ಮಳಿ ಹಿಂದಾದ ಮ್ಯಾಲ."

"ಅಲ್ಲೀತನಕ ನಮ್ಮ ಹುಡುಗ ನಿಂದ್ರಂಗಿಲ್ರಿ."

ಚಹಾ ಕುಡಿದು ಹೋದ. ಹಾಗೆ ಹೋದವರ ದನಿ ಅಣಕಿಸದೆ ಬಿಟ್ಟವನಲ್ಲ ನಾನು. ಅಂದು ಬಾಯಿ ತೆರೆದೆ, ಮುಚ್ಚಿದೆ. ಅಕ್ಕ ಚಹಾದ ಕಪ್ಪು ಬಸಿ ತೊಳೆದಿಟ್ಟಳು. ಶ್ರಾವಣದಲ್ಲಿ ಆ ಗಂಡಿಗೆ ಚಿಕ್ಕೇರೂರಿನ ಹುಡುಗಿಯೊಂದಿಗೆ ಮದುವೆಯಾಯಿತು.

ಮಳೆ ನಿಂತ ಮೇಲೆ ಹತ್ತಿ ಮಾರಾಟವಾಯಿತು. ಎಲ್ಲರ ರೊಕ್ಕ ಪೂರ್ತಿ ಬಂತು, ಯಾರಿಗೂ ಏನೂ ಲುಕ್ಸಾನಾಗಲಿಲ್ಲ. ಅಪ್ಪ ರೊಕ್ಕದ ಗಂಟು ತಂದು ಅಕ್ಕನ ಮುಂದಿಟ್ಟ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಇಲ್ಲೆ ಖಾರ ಐತಿ," ಅಂದಳು. "ಅತ್ತಾಗ ಇಡಪಾ."