ಮೂರು ಗಂಟೆಯೊಳಗೆ ಅರವತ್ತು ಕಿಲೋಮೀಟರ್

ನಮ್ಮ ಓಲ್ಡೆಸೈಲ್ ಊರಿನ ಅಫ್ಕೆಗೆ ನಲವತ್ತೊಂಬತ್ತು ವರ್ಷ. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿದಳೆಂದರೆ ಮನೆಮನೆಗೆ ಹೋಗಿ ವಯಸ್ಸಾದವರ ಊದಿದ ಕಾಲುಗಳಿಗೆ ಬಿಗಿ ಕಾಲುಚೀಲ ಏರಿಸುವುದು ಅವಳ ಉದ್ಯೋಗ. ಹಗುರ ಕೆಲಸವೇನಲ್ಲ, ಮಾಡಿದವರ ಬೆರಳಿಗೇ ಗೊತ್ತು. ಅದನ್ನು ಮುಗಿಸಿಕೊಂಡು ವಾರಕ್ಕೆ ನಾಲ್ಕು ದಿನ ಸ್ಕೇಟು ಹೆಗಲಿಗೇರಿಸಿ ಪಟ್ಟಣದ ಕೃತಕ ಮಂಜುಗಡ್ಡೆಯ ಸ್ಕೇಟಿಂಗ್ ಅಂಗಳಕ್ಕೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಚಕ್ರದ ಸ್ಕೇಟು ಕಟ್ಟಿಕೊಂಡು ಹೊಲದ ದಾರಿ. ಒಂದೆರಡು ವರ್ಷವಲ್ಲ, ಹದಿನಾಲ್ಕು ವರ್ಷ!

ಇದಕ್ಕೆಲ್ಲ ಕಾರಣ ನಮ್ಮ ಸ್ಕೇಟಿಂಗ್ ಸಂಘದ ಗೋಡೆಯ ಮೇಲಿರುವ ಒಂದು ಹಲಗೆ. ಕಾಲುವೆ, ಕೆರೆಗಳೆಲ್ಲ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷ ಮಾತ್ರ ನಾವು ಅವುಗಳ ಮೇಲೆ ಅರವತ್ತು ಕಿಲೋಮೀಟರಿನ ಸ್ಕೇಟಿಂಗ್ ಸುತ್ತು ನಡೆಸುವುದು. ಅದನ್ನು ಮೂರು ಗಂಟೆಯೊಳಗೆ ಮುಗಿಸಿದವರ ಹೆಸರು ಹಲಗೆಯ ಮೇಲಿದೆ. ಅಷ್ಟೂ ಗಂಡಸರೇ. ಹಿಂದಿನ ಸಲ ಅಫ್ಕೆ ಮೂರು ಗಂಟೆ ಏಳು ನಿಮಿಷಕ್ಕೆ ಬಂದಿದ್ದಳು. ಆ ಏಳು ನಿಮಿಷ ಅವಳ ಎದೆಯೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ಆಮೇಲೆ ಚಳಿಗಾಲಗಳು ಬಂದವು, ಮಳೆ ಸುರಿಸಿ ಹೋದವು. ನೀರು ಹೆಪ್ಪುಗಟ್ಟಲೇ ಇಲ್ಲ. ಇನ್ನೊಮ್ಮೆ ಹೆಪ್ಪುಗಟ್ಟುವಷ್ಟರಲ್ಲಿ ತನಗೆ ಅರವತ್ತಾದರೆ ಎಂಬ ಹೆದರಿಕೆ ಅವಳಿಗೆ ಇದ್ದೇ ಇತ್ತು.

ಕೊನೆಗೂ ಈ ಫೆಬ್ರವರಿಯಲ್ಲಿ ಚಳಿ ಕಚ್ಚಿ ಹಿಡಿಯಿತು. ಶನಿವಾರ ಸುತ್ತು ಎಂದು ಸಂಘ ಸಾರಿತು. ಊರಿಗೆ ಊರೇ ಹುಚ್ಚೆದ್ದಿತು.

ಹಿಂದಿನ ದಿನ ಅಫ್ಕೆಯ ನಾದಿನಿ ಶೌಕ್ಯೆ ಬಂದಳು. ಊರಿನ ಬೇಕರಿ ನಡೆಸುವವಳು, ಬಾಯಿ ಬಿಟ್ಟರೆ ತಮಾಷೆ. ಅಭ್ಯಾಸ ಅಂದರೆ ಏನೆಂದು ಅವಳಿಗೆ ಗೊತ್ತಿಲ್ಲ.

"ಏನತ್ತಿಗೆ, ನಾವು ಹನ್ನೊಂದು ಜನ ಏಳು ಗಂಟೆಗೇ ಹೊರಡ್ತೀವಿ. ಅಲ್ಲಲ್ಲಿ ನಿಂತು, ಬಟಾಣಿ ಸೂಪು ಕುಡ್ಕೊಂಡು, ಹಾಡು ಹೇಳ್ಕೊಂಡು ಹೋಗೋದು. ನೀನೂ ಬಾರೆ."

"ನಿಮ್ ಜೊತೆ ಬಂದ್ರೆ ಸೋಮವಾರಕ್ಕೆ ಮುಟ್ತೀನಿ ಅಷ್ಟೆ."

"ಅಯ್ಯೋ, ಒಂದು ಲೋಟ ಸೂಪಿಗೂ ನಿಲ್ಲಲ್ವೇನೆ?"

"ಒಂದು ಗುಟುಕಿಗೂ ನಿಲ್ಲಲ್ಲ. ದಾರೀಲಿ ಕರೀಬೇಡಿ, ಕರೆದ್ರೂ ತಿರುಗಿ ನೋಡಲ್ಲ," ಎಂದಳು ಅಫ್ಕೆ.

ಹಾಗೇ ಮಾಡಿದಳು, ಪುಣ್ಯಾತ್ಗಿತ್ತಿ.

ಒಂಬತ್ತಕ್ಕೆ ಸರಿಯಾಗಿ ಹೊರಟಳು. ಮಂಜುಗಡ್ಡೆ ಕಪ್ಪಗೆ, ಗಾಜಿನಷ್ಟು ನುಣ್ಣಗಿತ್ತು. ದಾರಿಯುದ್ದಕ್ಕೂ ಆರು ಕಡೆ ಕಾರ್ಡಿಗೆ ಸೀಲು ಒತ್ತಿಸಿಕೊಳ್ಳಬೇಕು. ಒಂದೇ ಒಂದು ಸೀಲು ತಪ್ಪಿದರೂ ಪದಕವಿಲ್ಲ, ಸಮಯವೂ ಲೆಕ್ಕಕ್ಕಿಲ್ಲ. ನಾಲ್ಕು ಸೀಲು ಮುಗಿದಾಗ ಗಡಿಯಾರ ನೋಡಿದಳು. ಎರಡು ನಿಮಿಷ ಮುಂದೆಯೇ ಇದ್ದಳು. ಕಾಲು ಹೇಳಿದ ಮಾತು ಕೇಳುತ್ತಿತ್ತು.

ನಲವತ್ತನೇ ಕಿಲೋಮೀಟರಿನ ಹತ್ತಿರ, ದೊಡ್ಡ ಕೆರೆ ತೆರೆದುಕೊಳ್ಳುವ ಕಡೆ ಸೂಪಿನ ಡೇರೆಯೊಂದು ಕಂಡಿತು. ಅದರ ಮುಂದೆ ಶೌಕ್ಯೆಯ ಗುಂಪು. ಇವಳನ್ನು ಕಂಡದ್ದೇ ತಡ, ಹನ್ನೊಂದೂ ಜನ ಕೈ ಬೀಸಿ ಕಿರುಚತೊಡಗಿದರು. "ಅಫ್ಕೆ! ಅಫ್ಕೆ! ನಿಲ್ಲೇ!" ಶೌಕ್ಯೆಯಂತೂ ಲೋಟ ಎಸೆದು ನಾಲ್ಕು ಹೆಜ್ಜೆ ಅಟ್ಟಿಸಿಕೊಂಡೇ ಬಂದಳು. ಇವರ ಕೀಟಲೆ ಇದ್ದದ್ದೇ ಎಂದುಕೊಂಡು ಅಫ್ಕೆ ಇನ್ನಷ್ಟು ಬಗ್ಗಿ, ಬೀಸು ಹೆಚ್ಚಿಸಿ ದಾಟಿಹೋದಳು.

ಕೆರೆಯ ಮೇಲೆ ಎದುರುಗಾಳಿ ಹೊಡೆಯುತ್ತಿತ್ತು. ಹಲ್ಲು ಕಚ್ಚಿಕೊಂಡು ಐದು ಕಿಲೋಮೀಟರ್ ದಾಟಿ ಮುಂದಿನ ಸೀಲಿನ ಮೇಜು ಮುಟ್ಟಿದಳು. ಅಲ್ಲಿ ಕೂತಿದ್ದವನು ಕಾರ್ಡು ತಿರುಗಿಸಿ ನೋಡಿದ.

"ಐದನೇದು ಎಲ್ಲಮ್ಮ?"

"ಇದೇ ಅಲ್ವಾ ಐದನೇದು?"

"ಇದು ಆರನೇದು. ಗಾಳಿಗೆ ಕಾರ್ಡೆಲ್ಲ ಹಾರಿಹೋಗುತ್ತೆ ಅಂತ ಐದನೇ ಮೇಜನ್ನ ಬೆಳಿಗ್ಗೆ ಸೂಪಿನ ಡೇರೆ ಒಳಗೆ ಇಟ್ರಲ್ಲ. ಯಾರೂ ಕೂಗಿ ಹೇಳಲಿಲ್ವಾ?"

ಹೇಳಿದ್ದರು. ಹನ್ನೊಂದು ಜನ ಗಂಟಲು ಹರಿದುಕೊಂಡು ಹೇಳಿದ್ದರು.

ಅಫ್ಕೆಗೆ ಅಳು ಬಂತು. ತಡೆದುಕೊಳ್ಳಲಿಲ್ಲ, ಅಲ್ಲೇ ನಿಂತು ಅತ್ತಳು. ಹಿಂದಕ್ಕೆ ಐದು, ಮತ್ತೆ ಮುಂದಕ್ಕೆ ಐದು. ಮೂರು ಗಂಟೆಯ ಕಥೆ ಮುಗಿದಂತೆಯೇ. ಸ್ಕೇಟು ಬಿಚ್ಚಿ ಮನೆಗೆ ಹೋಗಿಬಿಡಲೇ ಅನ್ನಿಸಿತು. ಆಮೇಲೆ ಮೂಗು ಒರೆಸಿಕೊಂಡು ತಿರುಗಿದಳು. ಈಗ ಗಾಳಿ ಬೆನ್ನಿಗೆ ಬಿದ್ದು ಸಲೀಸಾಗಿ ತಳ್ಳುತ್ತಿತ್ತು. ಅದೊಂದು ಬೇರೆ ಸಿಟ್ಟು.

ಡೇರೆಯ ಹತ್ತಿರ ಯಾರೂ ನಗಲಿಲ್ಲ. ಶೌಕ್ಯೆ ಓಡಿ ಬಂದು ತಬ್ಬಿಕೊಂಡಳು. "ಎಷ್ಟು ಕೂಗಿದ್ವಿ ಗೊತ್ತೇನೆ? ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ!"

ಅಫ್ಕೆ ಸೀಲು ಒತ್ತಿಸಿಕೊಂಡು ಸೂಪಿನ ಲೋಟ ತೆಗೆದುಕೊಂಡಳು. ಹೊಟ್ಟೆಗೆ ಬಿಸಿ ಇಳಿದ ಮೇಲೆಯೇ ಕಣ್ಣು ಬಿಟ್ಟು ನೋಡಿದ್ದು. ಗುಂಪಿನ ಮುಖಗಳು ಬಾಡಿದ್ದವು. ಬೆಂಚಿನ ಮೇಲೆ ಅವರಲ್ಲೇ ಒಬ್ಬನಾದ ಎಪ್ಪತ್ತೊಂದರ ಡೌವೆ ಅಜ್ಜ ಸ್ಕೇಟಿನ ದಾರ ಸಡಿಲಿಸುತ್ತಿದ್ದ. ಜೀವಮಾನದಲ್ಲಿ ಮೂರು ಸಲ ಹೊರಟು, ಮೂರು ಸಲವೂ ಅರ್ಧಕ್ಕೇ ಗಾಡಿ ಹತ್ತಿ ಮನೆಗೆ ಬಂದವನು ಅವನು.

"ಯಾಕಜ್ಜ, ಬಿಚ್ತಿದ್ದೀಯ?"

"ಎರಡು ಸಲ ಕೆರೆಗಿಳಿದು ವಾಪಸ್ ಬಂದ್ವಿ ತಾಯಿ. ಈ ಗಾಳಿಗೆ ಎದೆ ಕೊಡೋಕೆ ನಮ್ಮ ಕೈಲಾಗಲ್ಲ. ಗಾಡಿ ಬರುತ್ತಂತೆ."

ಅಫ್ಕೆ ಲೋಟ ಕೆಳಗಿಟ್ಟಳು. ಹದಿನಾಲ್ಕು ವರ್ಷ ತಿದ್ದಿದ ತೊಡೆಗಳು ಇನ್ನೂ ದಣಿದಿರಲಿಲ್ಲ.

"ದಾರ ಬಿಗಿ ಕಟ್ಟಜ್ಜ. ಎಲ್ಲಾರೂ ನನ್ನ ಹಿಂದೆ ಸಾಲಾಗಿ ನಿಲ್ರಿ. ಮುಂದಿರೋರ ಸೊಂಟಕ್ಕೆ ಕೈ ಇಡ್ರಿ. ಗಾಳಿ ನಾನು ನೋಡ್ಕೋತೀನಿ."

"ಒಬ್ಳೇನಾ? ಇಪ್ಪತ್ತು ಕಿಲೋಮೀಟರ್?" ಎಂದಳು ಶೌಕ್ಯೆ.

"ಮತ್ತೆ ಇಷ್ಟು ವರ್ಷ ನಾನೇನು ಕಡ್ಲೆಕಾಯಿ ತಿಂತಿದ್ನಾ?"

ಹೊರಟರು. ಗಾಳಿ ಮುಖಕ್ಕೆ ಬಡಿಯಿತು. ಅಫ್ಕೆ ಬೆನ್ನು ಬಗ್ಗಿಸಿ ಒಂದೇ ಹದದಲ್ಲಿ ಎಳೆದಳು. ಗಡಿಯಾರ ನೋಡಲಿಲ್ಲ. ಹಿಂದಿನಿಂದ ಉಸಿರು ಕೇಳಿಸುತ್ತಿತ್ತು. ಯಾರದಾದರೂ ಉಸಿರು ಹೆಚ್ಚಾದರೆ ವೇಗ ಇಳಿಸುವಳು, ತಣಿದರೆ ಏರಿಸುವಳು.

"ನಿನ್ನ ಬೆನ್ನು ನಮ್ಮ ಕೊಟ್ಟಿಗೆ ಗೋಡೆ ಇದ್ದಂಗಿದೆ ತಾಯಿ, ಒಂಚೂರೂ ಗಾಳಿ ಬಿಡ್ತಿಲ್ಲ!" ಎಂದು ಅವಳ ಹಿಂದೆಯೇ ಇದ್ದ ಡೌವೆ ಅಜ್ಜ ಕೂಗಿದ.

"ಅಜ್ಜ, ಹೊಗಳ್ತಿದ್ದೀಯೋ ಬೈತಿದ್ದೀಯೋ?" ಎಂದು ಶೌಕ್ಯೆ ಕೇಳಿದಳು. ಸಾಲಿಗೆ ಸಾಲೇ ನಕ್ಕು ಓಲಾಡಿತು, ಇನ್ನೇನು ಬಿದ್ದರು ಎನ್ನುವಷ್ಟು. ಅಫ್ಕೆಯೂ ನಕ್ಕಳು. ಕಾಲಿಗೆ ಸ್ಕೇಟು ಕಟ್ಟಿಕೊಂಡು ತಾನು ಹೀಗೆ ನಕ್ಕು ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿಗೆ ಬರಲಿಲ್ಲ. ಹಾಡು ಶುರುವಾಯಿತು. ಉಸಿರು ಉಳಿಸಬೇಕಿದ್ದವಳು ತಾನೂ ಒರಲಿದಳು, ರಾಗ ತಾಳ ಯಾವುದೂ ಇಲ್ಲದೆ. ಆರನೇ ಸೀಲಿನವನು ಈ ಮೆರವಣಿಗೆ ಕಂಡು ಎದ್ದು ನಿಂತು ಚಪ್ಪಾಳೆ ತಟ್ಟಿದ.

ಊರ ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರು. ಕೊನೆಯ ಗೆರೆ ಹತ್ತಿರವಾದಾಗ ಅಫ್ಕೆ ಪಕ್ಕಕ್ಕೆ ಸರಿದು ಡೌವೆ ಅಜ್ಜನನ್ನು ಮುಂದೆ ಬಿಟ್ಟಳು. ಅಜ್ಜ ಗೆರೆ ದಾಟಿ, ಮಂಡಿಯೂರಿ, ಮಂಜುಗಡ್ಡೆಗೇ ಮುತ್ತು ಕೊಟ್ಟ. ಎಬ್ಬಿಸಲು ಇಬ್ಬರು ಬೇಕಾದರು.

ಮೇಜಿನ ಹಿಂದೆ ಸಂಘದ ಅಧ್ಯಕ್ಷ ಸೀಬ್ರೆನ್ ಕಾರ್ಡುಗಳಿಗೆ ಸಮಯ ಬರೆಯುತ್ತಿದ್ದ. ಅಫ್ಕೆಯ ಕಾರ್ಡು ಕೈಗೆ ಬಂದಾಗ ಅವನ ಪೆನ್ನು ನಿಂತಿತು. ಅವಳ ಹದಿನಾಲ್ಕು ವರ್ಷ ಊರಲ್ಲಿ ಯಾರಿಗೆ ಗೊತ್ತಿಲ್ಲ?

"ಬರೀ ಮುಗಿಸಿದ್ಲು ಅಂತ ಹಾಕ್ಲಾ ಅಫ್ಕೆ? ಟೈಮು ಯಾರೂ ಕೇಳಲ್ಲ," ಎಂದ, ದನಿ ತಗ್ಗಿಸಿ.

ಅಫ್ಕೆ ತಿರುಗಿ ನೋಡಿದಳು. ಪದಕವನ್ನು ಅಂಗಿಗೆ ಚುಚ್ಚಿಕೊಳ್ಳಲು ಡೌವೆ ಅಜ್ಜ ಒದ್ದಾಡುತ್ತಿದ್ದ. ಶೌಕ್ಯೆ ಅದನ್ನು ಚುಚ್ಚಿಕೊಡುತ್ತ ತಾನೇ ಗೊಳೋ ಎಂದು ಅಳುತ್ತಿದ್ದಳು.

"ಯಾಕೆ ಕೇಳಬಾರ್ದು? ಬರಿ. ನಾಲ್ಕು ಗಂಟೆ ಎರಡು ನಿಮಿಷ," ಎಂದಳು ಅಫ್ಕೆ, ಸೇತುವೆಯ ಮೇಲಿದ್ದವರಿಗೂ ಕೇಳುವ ಹಾಗೆ. "ದಪ್ಪಗೆ ಬರಿ ಸೀಬ್ರೆನ್. ಹನ್ನೊಂದು ಜನರನ್ನ ಎಳ್ಕೊಂಡು ಬಂದ ಟೈಮು ಅದು."